ಕಾಫಿ ಬಿಡುವ ವಿಚಾರವಾಗಿ ಪುಟ್ಟಿಗೆ ಅತ್ತೆಯ ಮಾತು

ಪುಟ್ಟಿ, ಭಾನುವಾರದಿಂದ ಕಾಫಿ ನಿಲ್ಲಿಸಿದ್ದೀಯೆಂದೂ, ಇಂದು ಮೂರನೆಯ ದಿನ ಬ್ಯಾಂಕಿನ ಕೌಂಟರಿನಲ್ಲಿ ಕುಳಿತುಕೊಳ್ಳಲಾಗದಷ್ಟು ತಲೆ ಸಿಡಿಯುತ್ತಿದೆಯೆಂದೂ, ಕೆಫೀನನ್ನು ಶಾಶ್ವತವಾಗಿ ಬಿಡಬೇಕೇ ಬೇಡವೇ ನೀವೇ ಹೇಳಿ ಎಂದೂ ನೀನು ನಮ್ಮ ಮನೆಯವರ ಗುಂಪಿನಲ್ಲಿ ಕೇಳಿದ್ದನ್ನು ಸಂಜೆ ನೋಡಿದೆ. ಬಾಯಿಗೆ ಬಂದಂತೆ ಮಾತನಾಡಿ ಕಳುಹಿಸಿದರೆ ಮುಖ್ಯವಾದುದೇ ಬಿಟ್ಟುಹೋಗುತ್ತದೆ ಎಂದು, ಮೊದಲು ಹಾಳೆಯಲ್ಲಿ ಬರೆದುಕೊಂಡು ಈಗ ಓದುತ್ತಿದ್ದೇನೆ. ಉದ್ದವಾದೀತು, ದೀಪ ಆರಿಸಿ ಮಲಗಿಕೊಂಡೇ ಕೇಳು.

ಶಾಶ್ವತದ ಮಾತನ್ನು ಈ ತಲೆನೋವು ಇರುವಾಗ ತೀರ್ಮಾನಿಸಬೇಡ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ಅದು ತನ್ನ ಜಾಗದಲ್ಲಿ ಹೋಗಿ ಕುಳಿತಾಗ ನಮಗೆ ತೂಕಡಿಕೆ ಬರುತ್ತದೆ. ಕೆಫೀನ್ ಆ ಜಾಗವನ್ನು ಮೊದಲೇ ಹಿಡಿದುಕೊಂಡುಬಿಡುತ್ತದೆ. ದಿನವೂ ಹೀಗಾದರೆ ಮಿದುಳು ಅಂಥ ಜಾಗಗಳನ್ನು ಇನ್ನಷ್ಟು ಮಾಡಿಕೊಳ್ಳುತ್ತದೆ, ಕಾಫಿ ಇದ್ದಕ್ಕಿದ್ದಂತೆ ನಿಂತಾಗ ಅವೆಲ್ಲವೂ ಒಮ್ಮೆಲೇ ತೆರವಾಗಿ, ಅಲ್ಲಿ ಅಡೆನೊಸಿನ್ ತುಂಬಿಕೊಂಡು, ರಕ್ತನಾಳಗಳು ಹಿಗ್ಗಿ, ತಲೆ ನೋಯತೊಡಗುತ್ತದೆ. ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಯೊಳಗೆ ಶುರುವಾಗುವ ಈ ನೋವು ಒಂದೆರಡು ದಿನಗಳಲ್ಲಿ ಅತಿ ಹೆಚ್ಚಾಗಿ, ಬಹುಮಟ್ಟಿಗೆ 9 ದಿನಗಳೊಳಗೆ ಇಳಿದುಹೋಗುತ್ತದೆ. ಶನಿವಾರ ಸಂಜೆಯ ಲೋಟವೇ ನಿನ್ನ ಕೊನೆಯದಾಗಿದ್ದರೆ, ಏರು ಹತ್ತಿ ಮುಗಿದಿದೆ, ಈಗ ಹಿಂದಕ್ಕೆ ಬರಬೇಡ. ಮೊದಲೇ ಕೇಳಿದ್ದರೆ ಬೇರೆ ದಾರಿ ಹೇಳುತ್ತಿದ್ದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಪುಡಿ ಮಾಡಿಸುವಾಗ ವಾರವಾರಕ್ಕೂ ಚಿಕೋರಿಯ ಪಾಲನ್ನು ಏರಿಸುತ್ತಾ ಹೋದರೆ ತಲೆಗೆ ಇಷ್ಟು ಪೆಟ್ಟು ಬೀಳುವುದಿಲ್ಲ. ಗುಂಪಿನಲ್ಲಿ ಬಿಡಬೇಕೆಂದಿರುವ ಬೇರೆ ಯಾರಾದರೂ ಇದ್ದರೆ ಹಾಗೆಯೇ ಮಾಡಿ.

ನಿನ್ನ ಎದೆ ಹೊಡೆದುಕೊಳ್ಳುವುದಕ್ಕೆ ಡಾಕ್ಟರು ಇಸಿಜಿ ತೆಗೆಸಿ, ತೊಂದರೆಯೇನಿಲ್ಲ, ಕಾಫಿ ಕಡಿಮೆ ಮಾಡಿ ನೋಡಿ ಎಂದಿದ್ದಾರೆ. ಕಡಿಮೆ ಮಾಡಿ ಎಂದಿದ್ದಾರೆಯೇ ಹೊರತು ಕಾಫಿ ವಿಷವೆಂದು ಹೇಳಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದು ಹೇಳಿದೆ. 150 ಮಿಲಿಲೀಟರಿನ ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆಂದೂ ಅಲ್ಲಿಯೇ ಇದೆ. ಆದರೆ ಲೋಟ ಎಣಿಸುವುದರಲ್ಲಿ ನಮ್ಮ ಮನೆಯ ಮಟ್ಟಿಗೆ ಒಂದು ತೊಡಕಿದೆ. ಅರೇಬಿಕಾ ತಳಿಯ ಪಾರ್ಚ್‌ಮೆಂಟನ್ನು, ಅಂದರೆ ತೊಳೆದು ಒಣಗಿಸಿದ ಬೀಜವನ್ನು, ಮಾರಿ, ಮನೆ ಖರ್ಚಿಗೆ ರೊಬಸ್ಟಾ ತಳಿಯನ್ನೇ ಹುರಿದು ಪುಡಿ ಮಾಡಿಸುವುದು ನಿನ್ನ ಅಜ್ಜನ ಕಾಲದಿಂದ ನಡೆದುಬಂದದ್ದು, ಆ ಬೀಜದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಮೂಡಿಗೆರೆಯ ಮನೆಯಿಂದ ನೀನು ಡಬ್ಬಿ ತುಂಬಿಸಿಕೊಂಡು ಹೋಗುವ ಆ ಪುಡಿಯಲ್ಲಿ ಮೂರು ಲೋಟ ಕುಡಿದರೆ, ಬೇರೆಯವರು ಐದಾರು ಲೋಟ ಕುಡಿದ ಲೆಕ್ಕವಾಗುತ್ತದೆ.

ಇನ್ನು ನಿದ್ರೆಯ ಮಾತು. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು. ಲೆಕ್ಕ ಮುಗಿಸಿ ಸಂಜೆ ಐದೂವರೆಗೆ ನೀನು ಕುಡಿಯುವ ಕಾಫಿಯ ಅರ್ಧದಷ್ಟು ರಾತ್ರಿ ಹತ್ತೂವರೆಗೂ ಮೈಯಲ್ಲಿರುತ್ತದೆ. ಊಟವಾದ ಮೇಲೆ ಒಂದು ಲೋಟ ಕುಡಿದೂ ದೊಡ್ಡಣ್ಣನವರು ಹತ್ತು ನಿಮಿಷದಲ್ಲಿ ನಿದ್ರೆ ಹೋಗುತ್ತಾರಲ್ಲ ಎಂದು ನೀನು ಕೇಳಬಹುದು. ಕೆಫೀನನ್ನು ಒಡೆದುಹಾಕುವ ಕೆಲಸ ಯಕೃತ್ತಿನದು, ಅದರ ವೇಗ ಒಬ್ಬರಿಗಿದ್ದಂತೆ ಇನ್ನೊಬ್ಬರಿಗೆ ಇರುವುದಿಲ್ಲ. ಗಿಡ ಈ ಕೆಫೀನನ್ನು ಮಾಡಿಕೊಳ್ಳುವುದೇ ಹುಳಗಳನ್ನು ದೂರವಿಡಲು, ಆದರೂ ಕಾಫಿಯ ಕಾಯಿ ಕೊರೆಯುವ ಕಾಯಿಕೊರಕ ಹುಳ ಅದನ್ನೇ ಉಂಡು ಬದುಕುತ್ತದೆ, ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದುಬಿಡುತ್ತವೆ. ಮನುಷ್ಯರಲ್ಲಿಯೂ ಕೆಲವರಿಗೆ ಕೆಫೀನನ್ನು ಬೇಗ ಒಡೆಯುವ ಅನುಕೂಲ ಹೆಚ್ಚು, ನನಗೆ ಅದು ಇಲ್ಲ, ನಿನಗೂ ಇಲ್ಲವೆಂದು ತೋರುತ್ತದೆ.

ಚಹಾಕ್ಕೆ ಬದಲಾಯಿಸು ಎಂದು ಯಾರೋ ಬರೆದಿದ್ದರು. ಅದರಲ್ಲಿಯೂ ಲೋಟಕ್ಕೆ 30ರಿಂದ 65 ಮಿಲಿಗ್ರಾಂ ಕೆಫೀನ್ ಇದೆ, ನಾಲ್ಕು ಸಲ ಕುಡಿದರೆ ಬಿಟ್ಟಂತಾಗುವುದಿಲ್ಲ. ಕೆಫೀನ್ ತೆಗೆದ ಕಾಫಿಪುಡಿ ತರಿಸಿಕೊಳ್ಳಬಹುದು, ಸ್ವಲ್ಪ ಉಳಿದಿರುತ್ತದೆ, ಅಷ್ಟರಿಂದ ತೊಂದರೆಯಿಲ್ಲ. ಆದರೆ ನೀನು ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ನುಂಗುತ್ತಿರುವುದರಿಂದ ಒಂದು ಎಚ್ಚರಿಕೆ ಬೇಕು. ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದು ಕೆಫೀನ್ ಅಲ್ಲ, ಕಾಫಿ ಚಹಾಗಳಲ್ಲಿರುವ ಟ್ಯಾನಿನ್ ಮುಂತಾದ ಒಗರಿನ ಅಂಶಗಳು, ಅವು ಕೆಫೀನ್ ತೆಗೆದ ಪುಡಿಯಲ್ಲಿಯೂ ಇರುತ್ತವೆ. ಯಾವ ಕಾಫಿಯಾದರೂ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ಇರಲಿ, ಮಾತ್ರೆಗೂ ಹಾಗೆಯೇ ಅಂತರ ಕೊಡು.

ಕಾಫಿ ಬೆಳೆದು ಉಣ್ಣುವ ಮನೆಯ ಹೆಣ್ಣುಮಗಳು ಕಾಫಿ ಬಿಡುವುದೇ ಎಂದು ದೊಡ್ಡಣ್ಣನವರು ಬರೆದದ್ದು ನಿನ್ನ ಮನಸ್ಸಿಗೆ ಚುಚ್ಚಿದೆಯೆಂದು ನನಗೆ ಗೊತ್ತು, ಏಕೆಂದರೆ ಇದೇ ಮಾತನ್ನು ನಾನೂ ಕೇಳಿದ್ದೇನೆ. ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣದ ಬೆಟ್ಟದಲ್ಲಿ ನೆಟ್ಟ ಕಥೆಯನ್ನು ಕೇಳುತ್ತಾ ಬೆಳೆದವರು ನಾವು, ನನ್ನ ಓದಿನ ಫೀಸು, ನನ್ನ ಮದುವೆಯ ಖರ್ಚು ಎಲ್ಲವೂ ಆ ತೋಟದಿಂದಲೇ ಬಂದದ್ದು. ಅದರ ಋಣ ನನಗೆ ನೆನಪಿದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಹಾಸನದಿಂದ ಬಸ್ಸು ಹತ್ತಿ ಬಂದು ಜಗುಲಿಯ ಮೇಲೆ ಕುಳಿತುಕೊಳ್ಳುವುದನ್ನು ನಾನು ಒಂದು ವರ್ಷವೂ ತಪ್ಪಿಸಿಲ್ಲ. ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯ ಹೆಚ್ಚಿನ ಪಾಲನ್ನು ಕುಡಿಯುವವರು ಹೊರದೇಶದವರು. ನಾವಿಬ್ಬರು ಲೋಟ ಕೆಳಗಿಟ್ಟರೆ ತೋಟಕ್ಕೆ ಅವಮಾನವಾಗುವುದಿಲ್ಲ. ದೊಡ್ಡಣ್ಣನವರು ಇದನ್ನು ಕೇಳುತ್ತಿದ್ದರೆ, ಈ ಮಾತನ್ನು ಅವಳಿಗೆ ಇನ್ನೊಮ್ಮೆ ಹೇಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾನು ಪೂರ್ತಿಯಾಗಿ ಬಿಟ್ಟದ್ದು 2018ರಲ್ಲಿ. ಅದಕ್ಕೆ ಮೊದಲು ಮೂರು ಸಲ ಬೆಳಗಿನ ಒಂದೇ ಲೋಟಕ್ಕೆ ಇಳಿಸಿದ್ದೆ, ಮೂರು ಸಲವೂ ತಿಂಗಳು ತುಂಬುವುದರೊಳಗೆ ಸ್ಟಾಫ್ ರೂಮಿನಲ್ಲಿ ಎರಡನೆಯದು, ಸಂಜೆ ಮನೆಯಲ್ಲಿ ಮೂರನೆಯದು ಸೇರಿಕೊಂಡವು. ಪರೀಕ್ಷೆಯ ಕಾಲ, ನೆಂಟರು ಬಂದ ದಿನ, ಮಳೆ ಹಿಡಿದ ಸಂಜೆ, ಒಂದಲ್ಲ ಒಂದು ಕಾರಣ ಸಿಗುತ್ತಿತ್ತು. ನಿನ್ನ ಅಮ್ಮನನ್ನು ನೋಡು, ಮೂವತ್ತು ವರ್ಷಗಳಿಂದ ಬೆಳಿಗ್ಗೆ ಒಂದೇ ಲೋಟ ಬೆಲ್ಲದ ಕಾಫಿ, ಅದರ ಮೇಲೆ ಒಂದು ಗುಟುಕೂ ಇಲ್ಲ. ಅತ್ತಿಗೆ ಏಕೆ ಬಿಡಬೇಕು? ನನ್ನ ತಿಳಿವಳಿಕೆಯಲ್ಲಿ ಶಾಶ್ವತವಾಗಿ ಬಿಡಬೇಕೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ನಿನ್ನ ಕೈಯಲ್ಲಿ ಒಂದು ಲೋಟ ಒಂದಾಗಿಯೇ ಉಳಿಯುತ್ತದೆಯೇ? ಉಳಿಯುವುದಾದರೆ ಬೆಳಗಿನದನ್ನು ಇಟ್ಟುಕೊ. ಉಳಿಯದಿದ್ದರೆ, ದಿನಕ್ಕೆ ನಾಲ್ಕು ಸಲ ಕುಡಿಯಲೇ ಬೇಡವೇ ಎಂದು ತೂಗಾಡುವುದಕ್ಕಿಂತ ಪೂರ್ತಿ ಬಿಡುವುದೇ ಸುಲಭ.

ಬಿಟ್ಟ ಮೇಲೆ ಎಲ್ಲವೂ ಸೊಗಸಾಯಿತೆಂದು ನಾನು ಹೇಳಲಾರೆ. ಎರಡು ತಿಂಗಳು ಬೆಳಗಿನ ಹೊತ್ತು ಮಂಕಾಗಿಯೇ ಇತ್ತು. ಯಾರ ಮನೆಗೆ ಹೋದರೂ ಬಾಗಿಲಲ್ಲೇ ಕಾಫಿ ಮಾಡ್ತೀನಿ ಕೂತ್ಕೊಳಿ ಎನ್ನುವ ನಮ್ಮ ಸೀಮೆಯಲ್ಲಿ ಬೇಡವೆನ್ನುವುದು ಕಷ್ಟ, ಆಗ ನಾನು ಅರ್ಧ ಲೋಟ ಬಿಸಿ ಹಾಲು ಕೇಳುತ್ತೇನೆ. ಮನೆಯಲ್ಲಿ ಜೀರಿಗೆ ಕೊತ್ತಂಬರಿ ಹುರಿದು ಪುಡಿ ಮಾಡಿಟ್ಟ ಕಷಾಯ, ಬೆಲ್ಲ ಹಾಲು ಹಾಕಿ. ಅದು ಕಾಫಿಯಲ್ಲ, ಆದರೆ ಕೈಗೆ ಬಿಸಿ ಲೋಟ ಬೇಕೆನ್ನುವ ಆಸೆ ಅದರಿಂದ ತೀರುತ್ತದೆ. ನಿದ್ರೆ ಮಾತ್ರ ಮೂರನೆಯ ವಾರದಿಂದ ಹಿಡಿದುಕೊಂಡಿತು, ಅದಕ್ಕಾಗಿಯೇ ನಾನು ಹಿಂದಿರುಗಲಿಲ್ಲ.

ನೀನು ಒಂದು ತಿಂಗಳು ಹೀಗೆಯೇ ಇರು. ಮಲಗಿದ ಹೊತ್ತು, ಎದ್ದ ಹೊತ್ತು, ಎದೆ ಹೊಡೆದುಕೊಂಡ ದಿನ ಇಷ್ಟನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡು, ಎದೆಯ ತೊಂದರೆ ಕಾಫಿಯಿಲ್ಲದೆಯೂ ಉಳಿದರೆ ಡಾಕ್ಟರರ ಬಳಿಗೆ ಮತ್ತೆ ಹೋಗಲೇಬೇಕು. ತಿಂಗಳಾದ ಮೇಲೆ ಬೆಳಿಗ್ಗೆ ಒಂದು ಲೋಟ ಕುಡಿದು ನೋಡು, ವಾರದೊಳಗೆ ಎರಡನೆಯದಕ್ಕೆ ಮನಸ್ಸು ಎಳೆದರೆ ನಿನಗೇ ತಿಳಿಯುತ್ತದೆ.

ಒಂದು ಕೆಲಸ ಇವತ್ತೇ ಆಗಬೇಕು. ತಲೆನೋವಿಗೆ ಅಂಗಡಿಯಿಂದ ಮಾತ್ರೆ ತರಿಸಿ ನುಂಗಿದೆ ಎಂದು ಬರೆದಿದ್ದೀಯಲ್ಲ, ಕೆಲವು ತಲೆನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲಿನ ಜೊತೆಗೆ ಕೆಫೀನನ್ನೂ ಸೇರಿಸಿರುತ್ತಾರೆ. ನಾನು ಅಂಥದ್ದನ್ನೇ ನಾಲ್ಕು ದಿನ ನುಂಗಿ, ನೋವು ಹೋಗಿ ಮತ್ತೆ ಬರುವುದೇಕೆಂದು ಒದ್ದಾಡಿದ್ದೆ. ಆ ಮಾತ್ರೆಯ ಹಾಳೆಯ ಹಿಂಬದಿಯ ಚಿತ್ರ ತೆಗೆದು ನನ್ನ ನಂಬರಿಗೆ ಕಳುಹಿಸು, ಅಲ್ಲಿಯವರೆಗೆ ಇನ್ನೊಂದನ್ನು ನುಂಗಬೇಡ, ನಾನು ಎದ್ದೇ ಇರುತ್ತೇನೆ.