ಅಪ್‌ಡೇಟ್: ಎಡಕ್ಕೆ ಹೋಗುತ್ತಿದ್ದ 7 ಐರನ್

ಕೊಡಗಿನ ಬಿಟ್ಟಂಗಾಲದ ಗಾಲ್ಫ್ ಮೈದಾನದ ಒದ್ದೆ ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ಆಟದ ಹಾದಿ) ಐರನ್ (ಲೋಹದ ಹೆಡ್‌ನ ಕ್ಲಬ್) ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ, ಯಾವ ಸೆಟ್ ಕೊಳ್ಳಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಅಗಲ ಸೋಲ್‌ನ (ಹೆಡ್‌ನ ತಳ) ಕ್ಯಾವಿಟಿ ಬ್ಯಾಕ್ ಸೆಟ್, ಅಂದರೆ ಹೆಡ್‌ನ ಹಿಂಭಾಗ ಟೊಳ್ಳಾಗಿರುವುದು, ತೆಗೆದುಕೊಂಡೆ. ತೂಕ ಅಂಚುಗಳಿಗೆ ಹಂಚಿರುವುದರಿಂದ ಚೆಂಡು ಟೋ (ಹೆಡ್‌ನ ಹೊರತುದಿ) ಕಡೆ ತಗುಲಿದರೂ ಫೇಸ್ (ಚೆಂಡಿಗೆ ತಗುಲುವ ಮುಖ) ಅಷ್ಟಾಗಿ ತಿರುಗುವುದಿಲ್ಲ. ಸೋಲ್ ಅಗಲವಿದ್ದರೆ ಮಳೆಗಾಲದ ಮೆತ್ತನೆ ನೆಲದಲ್ಲಿ ಹೂತುಕೊಳ್ಳದೆ ಜಾರುತ್ತದೆ. ಕೊಡಗಿನಲ್ಲಿ ಆಡುವವರು ಮೊದಲು ನೋಡಬೇಕಾದದ್ದು ಇದನ್ನೇ.

ಎಡಕ್ಕೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಕಾರಣ ಲೈ ಆಂಗಲ್, ಅಂದರೆ ಸೋಲ್ ನೆಲದ ಮೇಲೆ ಕೂತಾಗ ಶಾಫ್ಟ್ (ಕ್ಲಬ್‌ನ ಕೋಲು) ನೆಲದೊಂದಿಗೆ ಮಾಡುವ ಕೋನ. ಅದನ್ನು ಪರೀಕ್ಷಿಸಲು ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಅದು ಫೇಸ್‌ಗೆ ಎದುರಾಗಿ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆಯಿರಿ. ಫೇಸ್ ಮೇಲೆ ಅಚ್ಚಾದ ಗೆರೆಯ ಮೇಲ್ತುದಿ ಟೋ ಕಡೆ ವಾಲಿದ್ದರೆ ಕ್ಲಬ್ ನಿಮಗೆ ಅಪ್‌ರೈಟ್ (ಕೋನ ಹೆಚ್ಚು). ಬಲಗೈ ಆಟಗಾರರಿಗೆ ಚೆಂಡು ಎಡಕ್ಕೆ. ಹೀಲ್ (ಶಾಫ್ಟ್ ಸೇರುವ ತುದಿ) ಕಡೆ ವಾಲಿದ್ದರೆ ಫ್ಲಾಟ್ (ಕೋನ ಕಡಿಮೆ), ಚೆಂಡು ಬಲಕ್ಕೆ. ಕ್ಲಬ್ ಬಾಗಿಸಿ 2 ಡಿಗ್ರಿ ಫ್ಲಾಟ್ ಮಾಡಿಸಿದ ಮೇಲೆ ಗೆರೆ ನೆಟ್ಟಗೆ ಬಂತು. ಎರಕದ ಸ್ಟೀಲ್ ಹೆಡ್ ಗಡುಸು, ಹೆಚ್ಚು ಬಾಗಿಸಿದರೆ ಹೋಸೆಲ್ (ಶಾಫ್ಟ್ ಕೂರುವ ಕೊಳವೆ) ಬಿರುಕು ಬಿಡಬಹುದು.

ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ) ಕೂಡ ನೋಡಿಕೊಳ್ಳಿ. ವೆಜ್ ಅಂದರೆ ಹೆಚ್ಚು ಲಾಫ್ಟ್‌ನ ಕ್ಲಬ್; ಹೊಸ ಸೆಟ್‌ನ ಪಿಚಿಂಗ್ ವೆಜ್ 44 ಡಿಗ್ರಿ, ಸ್ಯಾಂಡ್ ವೆಜ್ 56. ಈ ಅಂತರ ತುಂಬಲು ನಡುವೆ 50ರ ಗ್ಯಾಪ್ ವೆಜ್ ಬೇಕೇಬೇಕು.