ಉಪ್ಪು ಹಾಕಿದ್ರ ಗ್ಯಾಸ್ ಉಳೀತೈತೇನ್ರಿ?

(ನಮ್ಮ ಮನಿ ಗುಂಪಿನ್ಯಾಗ ನಿನ್ನೆ ಸಂಜೀಕ ನಡೆದ ಜಗಳ. ಹಾವೇರಿ ಮಾಮಾ ನಡುನಡುವೆ ಕಳಿಸಿದ ಗುಲಾಬಿ ಹೂವಿನ ಚಿತ್ರ ಬಿಟ್ಟೀನಿ.)

*ಗದಗ ಕಾಕಾ:* [ಫಾರ್ವರ್ಡ್] ಗೃಹಿಣಿಯರ ಗಮನಕ್ಕೆ!! ಬೇಳೆ ಬೇಯಿಸುವ ನೀರಿಗೆ ಮೊದಲೇ ಎರಡು ಚಮಚ ಉಪ್ಪು ಹಾಕಿ. ಕುದಿಯುವ ಉಷ್ಣತೆ 10 ಡಿಗ್ರಿ ಏರಿ ಬೇಳೆ ಅರ್ಧ ಸಮಯದಲ್ಲಿ ಬೇಯುತ್ತದೆ. ಗ್ಯಾಸ್ ಉಳಿಸಿ. ಎಲ್ಲರಿಗೂ ಕಳಿಸಿ 🙏🙏

*ಅತ್ತಿ:* ಅಣ್ಣಾ, ನೀ ಯಾವಾಗಿಂದ ಗೃಹಿಣಿ ಆದಿ? 😂

*ಶ್ರುತಿ:* ಕಾಕಾ, ಏರೋದು ಖರೇ. 10 ಡಿಗ್ರಿ ಶುದ್ಧ ಸುಳ್ಳ. ಲೀಟರ್ ನೀರಿಗೆ 10 ಗ್ರಾಂ ಉಪ್ಪು ಹಾಕಿದ್ರ ಏರೋದು 0.17 ಡಿಗ್ರಿ ಅಷ್ಟ.

*ಗದಗ ಕಾಕಾ:* ಪುಸ್ತಕದ ಲೆಕ್ಕ ಬಿಡವಾ. ಕುದಿಯೋ ನೀರಿಗೆ ಒಂದ ಹಿಡಿ ಉಪ್ಪು ಒಗದು ನೋಡು, ಭುಸ್ ಅಂತ ಉಕ್ಕತೈತಿ. ಅದಕ್ಕೇನಂತಿ?

*ಶ್ರುತಿ:* ಅದು ಕಾವು ಏರಿದ್ದಲ್ರಿ. ಹರಳಿನ ಮೈಮ್ಯಾಲೆ ಗುಳ್ಳಿ ಹುಟ್ಟಾಕ ಜಾಗಾ ಸಿಗತೈತಿ. ಉಸುಕು ಒಗದ್ರೂ ಹಂಗ ಉಕ್ಕತೈತಿ, ಉಸುಕೇನು ಕರಗತೈತೇನು?

*ಗದಗ ಕಾಕಾ:* ಹಂಗಾರ ಇನ್ನೂ ಜಾಸ್ತಿ ಉಪ್ಪು ಹಾಕಿದ್ರ 10 ಆಕ್ಕೈತಿ.

*ಶ್ರುತಿ:* ಆಗಂಗಿಲ್ರಿ. ಲೀಟರ್ ನೀರಾಗ ಉಪ್ಪು ಕರಗೋದ ಸುಮಾರು 360 ಗ್ರಾಂ, ಕುದಿಯೋ ನೀರಾಗ ಅದಕ್ಕಿಂತ ಚೂರು ಹೆಚ್ಚ. ಇನ್ನ ಕರಗಂಗಿಲ್ಲ ಅನ್ನೂ ತನಕ ಹಾಕಿದ್ರೂ 109ರ ಹತ್ರ ನಿಂದರತೈತಿ. ಆ ಸಾರು ಯಾರ ಉಣ್ಣಾವ್ರು?

*ಅತ್ತಿ:* ಅವನ ಉಣ್ಣಲಿ.

*ಶ್ರುತಿ:* ಇನ್ನೊಂದು. ಧಾರವಾಡ ಸಮುದ್ರಕ್ಕಿಂತ ಸುಮಾರು 750 ಮೀಟರ್ ಮ್ಯಾಲೈತಿ. ಇಲ್ಲೆ ಬರೇ ನೀರು 97–98 ಡಿಗ್ರಿಗೇ ಕುದೀತೈತಿ. ಗುಡ್ಡ ಎರಡು ಡಿಗ್ರಿ ಕಸ್ಗೊಂಡ ಮ್ಯಾಲೆ ಉಪ್ಪು ಕೊಡೋ 0.17 ಯಾವ ಲೆಕ್ಕಕ್ಕ? ಗ್ಯಾಸ್ ಉಳಿಸೋದು ಕುಕ್ಕರ್. ಅದರೊಳಗ 120ರ ಹತ್ರ ಹೋಗತೈತಿ.

*ಅತ್ತಿ:* ಶ್ರುತಿ, ನಂದೊಂದು ಪ್ರಶ್ನಿ. ಚಿಕ್ಕಿ ಪಾಕ ಕೈಗೆ ಸಿಡದ್ರ ತೊಗಲು ಕಿತ್ತ ಬರತೈತಿ, ಚಾ ಸಿಡದ್ರ ಹಂಗ ಆಗಂಗಿಲ್ಲ. ಅಂದ್ರ ಕರಗಿದ್ದರಿಂದ ಕಾವು ಭಾಳ ಏರತೈತಿ ಅಂತ ಆತಲ್ಲ?

*ಗದಗ ಕಾಕಾ:* ಹಾಂ! ಕೇಳ, ಈಗ ಹೇಳು.

*ಶ್ರುತಿ:* ಅತ್ತಿ, ಇದು ಛಲೋ ಪ್ರಶ್ನಿ. ಇದರಾಗ ಲೆಕ್ಕ ಹಾಕೂದು ಕರಗಿದ ಕಣ ಎಷ್ಟು ಅಂತ, ಯಾವ ಪದಾರ್ಥ ಅಂತಲ್ಲ. ಉಪ್ಪು ನೀರಾಗ ಒಡದು ಎರಡೆರಡು ಆಗತೈತಿ. ಸಕ್ರಿ ಕಣ ದೊಡ್ಡದು, ಒಡಿಯೂದೂ ಇಲ್ಲ. ಅಷ್ಟ ತೂಕಕ್ಕ ಉಪ್ಪಿನ ಹನ್ನೆರಡರಾಗ ಒಂದ ಪಾಲ ಪರಿಣಾಮ. ನಿಮ್ಮ ಚಾದಾಗ ಅದು ಏನೂ ಅಲ್ಲ. ಆದ್ರ ಪಾಕದಾಗ ನೀರು ಆರಿ ಆರಿ ಬರೇ ಸಕ್ರೀನ ಉಳೀತೈತಿ. ನೂರಕ್ಕ ಎಂಬತ್ತು ಪಾಲು ಸಕ್ರಿ ಆದಾಗ 112ರ ಸುತ್ತ, ಚಿಕ್ಕಿಯ ಗಟ್ಟಿ ಪಾಕ 145 ದಾಟತೈತಿ. ನೀವು ತಣ್ಣೀರಾಗ ಒಂದ ಹನಿ ಬಿಟ್ಟು, ಟಣ್ ಅಂತೈತೇನು ನೋಡತೀರಲ್ಲ, ಅದ ನಿಮ್ಮ ಥರ್ಮಾಮೀಟರ್.

*ಅತ್ತಿ:* ನಮ್ಮವ್ವ ಯಾವ ಕಾಲೇಜಿಗೂ ಹೋಗಲಾರದ ಇದನ್ನ ಮಾಡತಿದ್ಲು ನೋಡು.

*ಗದಗ ಕಾಕಾ:* ಕುಲ್ಫಿಯವ ಬರ್ಫಕ್ಕ ಉಪ್ಪು ಹಾಕಿ ತಂಪ ಮಾಡತಾನ. ನೀ ಉಪ್ಪು ಹಾಕಿದ್ರ ಕಾವು ಏರತೈತಿ ಅಂತಿ. ಒಂದ ಉಪ್ಪು ಎರಡೂ ಹೆಂಗ ಮಾಡೀತು?

*ಶ್ರುತಿ:* ಎರಡಕ್ಕೂ ಕಾರಣ ಒಂದರಿ. ಕರಗಿದ ಕಣ ನಡುವ ಇದ್ದಷ್ಟು ನೀರು ಆವಿಯಾಗಿ ಹೋಗೂದೂ ಕಡಿಮಿ, ಬರ್ಫ ಆಗಿ ಕಟಗೊಳ್ಳೂದೂ ಕಷ್ಟ. ನೀರು ನೀರಾಗೇ ಉಳಿಯೂ ಹರವು ಎರಡೂ ಕಡೆ ಹಿಗ್ಗತೈತಿ. ಅದಕ್ಕ ಉಪ್ಪು ಬಿದ್ದ ಬರ್ಫ ಸೊನ್ನಿ ಕೆಳಗೂ ಕರಗತೈತಿ, ಕರಗಾಕ ಬೇಕಾದ ಕಾವು ಸುತ್ತಲಿಂದ ಎಳಕೋತೈತಿ, ಕುಲ್ಫಿ ಕಟ್ಟತೈತಿ. ಹೆಚ್ಚಂದ್ರ ಮೈನಸ್ 21ರ ತನಕ.

*ಗದಗ ಕಾಕಾ:* ಇದೆಲ್ಲಾ ಯಾರ ಹೇಳಿದ್ದು?

*ಶ್ರುತಿ:* 1880ರ ದಶಕದಾಗ ಫ್ರಾನ್ಸಿನ ವಿಜ್ಞಾನಿ ರಾವುಲ್ ಅಳದು ಅಳದು ಇದರ ನಿಯಮ ಕಟ್ಟಿದ. ಅದೇ ದಾರಿಯೊಳಗ ದ್ರಾವಣದ ಲೆಕ್ಕ ಮುಂದ ಒಯ್ದ ಡಚ್ ವಿಜ್ಞಾನಿ ವಾಂಟ್ ಹಾಫ್‌ಗ 1901ರಾಗ ರಸಾಯನಶಾಸ್ತ್ರದ ಮೊದಲ ನೊಬೆಲ್ ಬಂತು. ಫಾರ್ವರ್ಡ್ ಬರದವಗ ಏನೂ ಬಂದಿಲ್ಲ.

*ಗದಗ ಕಾಕಾ:* ಏನರ ಅನ್ನು, ನಮ್ಮ ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ. ಹುಬ್ಬಳ್ಳ್ಯಾಗ ನಿಮ್ಮ ಅತ್ತಿ ಮನ್ಯಾಗ ಮಲಪ್ರಭಾ ನೀರಿಗೆ ಲಗೂ ಬೇಯತೈತಿ.

*ಶ್ರುತಿ:* ಈಗ ಖರೇ ವಿಷಯಕ್ಕ ಬಂದ್ರಿ. ಅದು ಕುದಿಬಿಂದುವಿನ ಮಾತಲ್ಲ. ಬೋರಿನ ಗಡಸು ನೀರಾಗ ಕರಗಿದ ಸುಣ್ಣದಂಶ ಬ್ಯಾಳಿಯ ಪೆಕ್ಟಿನ್ (ಕಾಳಿನ ಕಣಕಣ ಅಂಟಿಸಿ ಇಡೂ ಅಂಟು) ಹಿಡಕೊಂಡು ಗಟ್ಟಿ ಮಾಡತೈತಿ. ಇಲ್ಲೆ ಯಾವ ಪದಾರ್ಥ ಕರಗೈತಿ ಅನ್ನೂದ ಮುಖ್ಯ. ಚಿಟಿಕಿ ಅಡಗಿ ಸೋಡಾ ಹಾಕ್ರಿ, ಇಲ್ಲಾ ಕುಡಿಯೂ ನದಿ ನೀರಾಗ ಬೇಯಿಸ್ರಿ.

*ಗದಗ ಕಾಕಾ:* ನಾ ಕಣ್ಣಲೇ ನೋಡೂತನಾ ನಂಬಂಗಿಲ್ಲ. ರವಿವಾರ ಬರೂಮುಂದ ಥರ್ಮಾಮೀಟರ್ ತಗೊಂಡ ಬಾ.

*ಅತ್ತಿ:* ಮನ್ಯಾಗಿಂದು ಜ್ವರ ನೋಡೂದು ಐತಲ್ಲ?

*ಶ್ರುತಿ:* ಅತ್ತಿ!! ಅದು 42ಕ್ಕ ಮುಗೀತೈತಿ, ಕುದಿಯೋ ನೀರಾಗ ಅದ್ದಿದ್ರ ಒಡೀತೈತಿ. ಲ್ಯಾಬಿಂದು ತರತೀನಿ. ಉಪ್ಪು ನೀವ ತೂಗಿ ಇಡ್ರಿ ಕಾಕಾ, 10 ಗ್ರಾಂ, ಒಂದ ಹಿಡಿ ಅಲ್ಲ.