ಅಪ್‌ಡೇಟ್: ಅಂಟಂಟಾಗಿದ್ದ ಟೆಂಟ್ ಕೊನೆಗೂ ಬದುಕಿತು (ಅರ್ಧ)

ಎರಡು ಮಳೆಗಾಲ ಅಟ್ಟದಲ್ಲಿ ಸುತ್ತಿಟ್ಟಿದ್ದ ಟೆಂಟ್ ಬಿಚ್ಚಿದರೆ ಒಳಪದರ ಬೆಲ್ಲದ ಪಾಕದ ಹಾಗೆ ಅಂಟುತ್ತದೆ, ಹುಳಿ ವಾಸನೆ ಬೇರೆ, ಎಂತ ಮಾಡುವುದು ಅಂತ ಕೇಳಿದ್ದೆನಲ್ಲ. ಇದು ಅದರ ಮುಂದಿನ ಕಥೆ.

ಸೋಪಿನ ನೀರು, ಬಿಸಿಲು: ಏನೂ ಪ್ರಯೋಜನ ಇಲ್ಲ. ಟಾಲ್ಕಂ ಪೌಡರ್ ಹಚ್ಚಿದ್ದಕ್ಕೆ ಅಂಟುವುದು ಒಂದು ದಿನದ ಮಟ್ಟಿಗೆ ನಿಂತಿತು, ಆದರೆ ಪೈಪ್ ನೀರು ಬಿಟ್ಟರೆ ಜರಡಿ ಮಾರಾಯ್ರೆ!

ಕೆಲಸ ಮಾಡಿದ್ದು ನೀವು ಕೊಟ್ಟ ಐಸೊಪ್ರೊಪೈಲ್ ಆಲ್ಕೋಹಾಲ್ (ಒಂದು ಬಗೆಯ ಸ್ಪಿರಿಟ್) ಸಲಹೆ. ಟೆರೇಸಿನಲ್ಲಿ ಹರಡಿ, ಬಟ್ಟೆ ಅದ್ದಿ ಉಜ್ಜಿದರೆ ನೀರು ತಡೆಯುವ ಹಳೆಯ ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಲೇಪ ಮೂಗಿನ ಸಿಂಬಳದಂತೆ ಸುರುಳಿ ಸುರುಳಿಯಾಗಿ ಬಂತು. ಎರಡು ಸಂಜೆ, ಒಂದು ಸೊಂಟನೋವು. ಒಣಗಿದ ಮೇಲೆ ಹೊಸ ಸೀಲರ್ (ನೀರು ಒಳಬರದಂತೆ ಬಳಿಯುವ ಲೇಪ) ಬಳಿದೆ. ಮೇಲಿನ ಹೊದಿಕೆ ಗೆದ್ದಿತು, ನೆಲದ ಬಟ್ಟೆ ಸತ್ತೇಹೋಗಿತ್ತು. ಅದಕ್ಕೆ ಒಳಗೆ ಟಾರ್ಪಾಲ್ ಹಾಸಿದ್ದೇನೆ.

ನನಗೆ ಗೊತ್ತಿಲ್ಲದಿದ್ದದ್ದು: ಹಾಳು ಮಾಡಿದ್ದು ಮಳೆಯಲ್ಲ, ನಮ್ಮ ಉಡುಪಿಯ ಸೆಕೆ ಮತ್ತು ತೇವ. ಆ ಲೇಪ ಗಾಳಿಯ ತೇವಕ್ಕೇ ಒಡೆಯುತ್ತದಂತೆ. ಸಿಲಿಕೋನ್ ಲೇಪದ ಬಟ್ಟೆಗೆ ಈ ರೋಗ ಇಲ್ಲ, ಆದರೆ ಅದಕ್ಕೆ ಸಿಲಿಕೋನ್ ಸೀಲರೇ ಬೇಕು, ಬೇರೆಯದು ಹಿಡಿಯುವುದಿಲ್ಲ.

ಭಾನುವಾರ ಹೆಬ್ರಿಯಲ್ಲಿ ಗೆಳೆಯನ ಅಡಿಕೆ ತೋಟದಲ್ಲಿ ಮಲಗಿದೆವು. ಬೆಳಿಗ್ಗೆ ಒಳಗೆಲ್ಲ ಹನಿ! ಎದೆ ಧಸಕ್ಕೆಂದಿತು. ಹೊಲಿಗೆ ಮುಟ್ಟಿದರೆ ಸೋರಿದ ಗುರುತಿಲ್ಲ. ನಮ್ಮದೇ ಉಸಿರು ತಣ್ಣಗಿನ ಬಟ್ಟೆಗೆ ತಾಗಿ ನೀರಾಗಿತ್ತು, ಗಾಳಿಕಿಂಡಿ ಮುಚ್ಚಿದ್ದು ನಾನೇ. ಈಗ ಟೆಂಟ್ ಚೀಲದಲ್ಲಿಲ್ಲ, ಬೆಡ್‌ರೂಮಿನ ಕಪಾಟಿನಲ್ಲಿ ಸಡಿಲವಾಗಿ ನೇತಾಡುತ್ತಿದೆ. ಹೆಂಡತಿಯ ಮುಖ ಕೇಳಬೇಡಿ.